ಹುಡುಗ್ರ ಮೊಬೈಲ್ ಕಸಗೊಂಡ್ರಿ, ದೊಡ್ಡಾವ್ರ ಮೊಬೈಲ್ ಯಾರು ಕಸಗೋಬೇಕು?

ಧಾರವಾಡದಾಗ ಒಂದು ಹೈಸ್ಕೂಲ್ ಗೇಟಿನ ಎದುರಿಗೆ ನಂದೊಂದು ಝರಾಕ್ಸ್ ಅಂಗಡಿ ಐತಿ. ಬೋರ್ಡ್ ಮ್ಯಾಲ ಝರಾಕ್ಸ್ ಅಂತಿದ್ರೂ ಈಗ ಅರ್ಧ ಧಂದೆ ಆನ್‌ಲೈನ್ ಅರ್ಜಿದು, ಸ್ಕಾಲರ್‌ಶಿಪ್, ಕಾಸ್ಟ್-ಇನ್‌ಕಮ್, ಬಸ್ ಪಾಸ್, ಆಧಾರ್ ಪ್ರಿಂಟ್, ಜೂನ್ ಬಂತಂದ್ರ ಮಧ್ಯಾಹ್ನ ಊಟಕ್ಕೂ ಪುರಸೊತ್ತು ಇರಂಗಿಲ್ಲ. ಹೋದ ಜೂನ್‌ದಾಗ ಒಬ್ರು ಸರ್ ವಾಟ್ಸಾಪ್‌ನ್ಯಾಗ ಒಂದು ಪಿಡಿಎಫ್ ಕಳಿಸಿ "ನಾಲ್ಕು ಕಾಪಿ ತಗದಿಡ್ರಿ, ಹುಡುಗನ್ನ ಕಳಸ್ತೀನಿ" ಅಂದ್ರು. ತಗದು ನೋಡಿದ್ರ ಒಂಬತ್ತನೇ ಕ್ಲಾಸಿನ ಎರಡೂ ಸೆಕ್ಷನ್ನಿನ ಪಟ್ಟಿ. ಹೆಸರು, ಅವ್ವ-ಅಪ್ಪನ ಹೆಸರು, ಹುಟ್ಟಿದ ತಾರೀಖು, ಜಾತಿ, ಮೊಬೈಲ್ ನಂಬರ್, ಎಸ್‌ಎಟಿಎಸ್ ನಂಬರ್ (ರಾಜ್ಯ ಸರ್ಕಾರ ಒಬ್ಬೊಬ್ಬ ವಿದ್ಯಾರ್ಥಿಗೆ ಕೊಡೋ ನಂಬರು), ಆಧಾರ್ ನಂಬರಿನ 12 ಅಂಕಿನೂ ಬಿಡಲಾರದಂಗ. ಅದ ಪಿಡಿಎಫ್ ಪಾಲಕರ ಗ್ರೂಪಿಗೂ ಹೋಗಿತ್ತು, ಕೆಳಗ "ತಪ್ಪಿದ್ರ ಸಂಜೀಕ ಒಳಗ ತಿಳಿಸ್ರಿ" ಅಂತ ಬರದಿದ್ರು.

ಅದ ವಾರ ಅದ ಸಾಲಿಯಿಂದ ಇನ್ನೊಂದು ಕೆಲಸ ಬಂದಿತ್ತು. ಸೈಬರ್ ಜಾಗೃತಿ ಕಾರ್ಯಕ್ರಮದ ಹ್ಯಾಂಡ್‌ಬಿಲ್, 200 ಕಾಪಿ. ಮೊದಲನೇ ಸಾಲು "ನಿಮ್ಮ ವೈಯಕ್ತಿಕ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ". ಎರಡೂ ಒಂದ ಮಷಿನ್‌ನ್ಯಾಗ ಹೊಂಟಿದ್ದು ನೋಡಿ ನನಗ ನಗು ಬಂತು, ಆಮ್ಯಾಲ ನಗು ನಿಂತು.

ಮಕ್ಕಳ ಆನ್‌ಲೈನ್ ಸುರಕ್ಷತಾ ಅಂದಕೂಡ್ಲೆ ನಮ್ಮ ಕಡೆ ಮಾತು ಒಂದ ದಾರಿ ಹಿಡೀತೈತಿ, ಹುಡುಗ್ರ ಕೈಯಾಗ ಮೊಬೈಲ್ ಕೊಡಬ್ಯಾಡ್ರಿ, ಕೊಟ್ಟಿದ್ರ ಕಸಗೊಳ್ರಿ. ಭಾಷಣಕ್ಕ ಬಂದ ಸಾಹೇಬ್ರೂ ಅದನ್ನ ಹೇಳ್ತಾರ, ಪಾಲಕರ ಸಭಾದಾಗ ಚಪ್ಪಾಳಿನೂ ಅದಕ್ಕ ಬೀಳ್ತಾವ. ನಾ ಗೇಟಿನ ಎದುರಿಗೆ ಕುಂತು ನೋಡಿದ್ದು ಬ್ಯಾರೆ. ಸಾಲಿ ಮಕ್ಕಳ ವಿಷಯ ಹೊರಗ ಬೀಳೋದು ಹೆಚ್ಚಾಗಿ ದೊಡ್ಡಾವ್ರ ಮೊಬೈಲಿನಿಂದ, ಮಾಸ್ತರ ಮೊಬೈಲು, ಪಾಲಕರ ಮೊಬೈಲು, ನನ್ನಂಥಾ ಅಂಗಡಿಯವನ ಕಂಪ್ಯೂಟರು. ಹುಡುಗ್ರಿಗೆ ತ್ರಾಸ ಆದಾಗ ಅವ್ರು ಬಾಯಿ ಬಿಡಲಾರದ್ದೂ ನಮ್ಮ ಅಂಜಿಕಿಗೆ.

ಮೊಬೈಲ್ ಕೊಡಬ್ಯಾಡ್ರಿ ಅನ್ನೋ ಕಾಲ ಹೋಗಿ ಭಾಳ ದಿವ್ಸ ಆತು. 2020ರಾಗ ಕೊರೊನಾ ಬಂದಾಗ ಸಾಲಿಯವ್ರ ಮೊಬೈಲ್ ತಗೊಳ್ರಿ ಅಂದ್ರು, ಎಮ್ಮಿ ಮಾರಿ ಮೊಬೈಲ್ ತಗೊಂಡಾವ್ರು ನನಗ ಗೊತ್ತು, ಹೋಂವರ್ಕ್ ಅವತ್ತು ವಾಟ್ಸಾಪ್‌ಗೆ ಹೋತು, ಇವತ್ತಿಗೂ ವಾಪಸ್ ಬಂದಿಲ್ಲ. ಹಳ್ಳಿ ಮಕ್ಕಳ ಮ್ಯಾಲ ನಡಿಯೋ ಅಸರ್ ಸಮೀಕ್ಷಾ ಐತಲ್ಲ, ಅದರ 2024ರ ವರದಿ ಪ್ರಕಾರ ದೇಶದಾಗ 14ರಿಂದ 16 ವಯಸ್ಸಿನ ಮಕ್ಕಳೊಳಗ ನೂರಕ್ಕ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಾಕ ಬರ್ತೈತಿ. ಹಿಂದಿನ ವಾರದಾಗ ಅದನ್ನ ಓದಿಗೆ ಬಳಸಿದಾವ್ರು ನೂರಕ್ಕ 57, ಸೋಶಿಯಲ್ ಮೀಡಿಯಾಕ್ಕ ಬಳಸಿದಾವ್ರು 76. ಸೋಶಿಯಲ್ ಮೀಡಿಯಾ ನೋಡೋ ಮಕ್ಕಳೊಳಗ ಪ್ರೊಫೈಲ್ ಪ್ರೈವೇಟ್ ಮಾಡೋದು ಗೊತ್ತಿದ್ದಾವ್ರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟ. ಮನಿ ಕಟ್ಟಿಸಿ ಕೊಟ್ಟೀವಿ, ಚಿಲಕ ಹೆಂಗ ಹಾಕೋದು ಹೇಳಿಕೊಟ್ಟಿಲ್ಲ.

ಈಗ ಆ ಪಿಡಿಎಫ್‌ಗೆ ಬರ್ತೀನಿ, ಯಾಕಂದ್ರ "ಒಂದು ಲಿಸ್ಟ್ ಹೋದ್ರ ಏನಾಗ್ತೈತ್ರಿ" ಅಂತ ಕೇಳೋರ ಭಾಳ. ನೀವು ಇ-ಆಧಾರ್ ಡೌನ್‌ಲೋಡ್ ಮಾಡಿದ್ರ ಅದಕ್ಕೊಂದು ಪಾಸ್‌ವರ್ಡ್ ಇರ್ತೈತಿ, ಹೆಸರಿನ ಮೊದಲ ನಾಕು ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನ್ಯಾಗ, ಅದರ ಮುಂದ ಹುಟ್ಟಿದ ಇಸ್ವಿ. ಇದು ಗುಟ್ಟಲ್ಲ, ಆಧಾರ್‌ದವ್ರ ಹೇಳಿದ್ದು, ನಾ ದಿನಕ್ಕ ಇಪ್ಪತ್ತು ಸಲ ಹೊಡೀತೀನಿ. ಅಂದ್ರ ಹೆಸರು, ಹುಟ್ಟಿದ ತಾರೀಖು ಇದ್ದ ಪಟ್ಟಿ ಅಂದ್ರ ಆ ಕ್ಲಾಸಿನ ಎಲ್ಲಾ ಹುಡುಗ್ರ ಆಧಾರ್ ಫೈಲಿನ ಪಾಸ್‌ವರ್ಡ್ ಪಟ್ಟಿನೂ ಆತು. ಆ ಫೈಲ್‌ಗಳು ಎಲ್ಲಿರ್ತಾವ? ಅದ ಗ್ರೂಪಿನ್ಯಾಗ, ಸ್ವಲ್ಪ ಮ್ಯಾಲ ಸ್ಕ್ರೋಲ್ ಮಾಡಿದ್ರ ಸಿಗ್ತಾವ, ಅಪಾರ್ ಐಡಿ (ಕೇಂದ್ರದ ವಿದ್ಯಾರ್ಥಿ ಗುರುತಿನ ನಂಬರು) ಮಾಡಾಕ ಅಂತ ಪಾಲಕರು ಒಬ್ಬರ ಹಿಂದ ಒಬ್ಬರು ಹಾಕಿರ್ತಾರ.

ಆ ಗ್ರೂಪಿನ್ಯಾಗ ಯಾರದಾರ ಅನ್ನೋದು ಇನ್ನೊಂದು ಕತಿ. ಒಬ್ಬ ಆಟೋ ಅಣ್ಣ ನನ್ನ ಅಂಗಡಿಗೆ ಬಂದು ಮೊಬೈಲ್ ಚಾಚಿದ, "ಏ, ಇದರಾಗಿಂದ ನನ್ನ ತಗಿಯಪಾ, ನಂದಿನ್ನೂ ಮದುವಿನ ಆಗಿಲ್ಲ, ಯಾರೋ ಏಳನೇ ಕ್ಲಾಸಿನ ಪಾಲಕರ ಗ್ರೂಪಿಗೆ ಹಾಕ್ಯಾರ". ಅಂವ ಹೊಸಾ ಸಿಮ್ ತಗೊಂಡಿದ್ದ, ಆ ನಂಬರ್ ಹಿಂದ ಯಾರೋ ಪಾಲಕರದಿತ್ತು. ಬಂದ್ ಆದ ನಂಬರ್ 90 ದಿವ್ಸ ಕಳದ ಮ್ಯಾಲ ಇನ್ನೊಬ್ಬರಿಗೆ ಹೋಗಬಹುದು, ಸಾಲಿ ರಜಿಸ್ಟರ್‌ನ್ಯಾಗ ಮಾತ್ರ ಹಳೇದ ಉಳದಿರ್ತೈತಿ, ಮಾಸ್ತರು ಅದನ್ನ ನೋಡಿ ಆ್ಯಡ್ ಮಾಡ್ತಾರ. ಆಟೋದಾಂವ ಚೊಲೊ ಮನಶ್ಯಾ, ತಾನ ಬಂದು ಹೇಳಿದ. ಎಲ್ಲಾರೂ ಬಂದು ಹೇಳ್ತಾರೇನು?

ಸಾಲಿ ಮಾಸ್ತರಿಗಷ್ಟ ಬೈದ್ರ ತಪ್ಪಾಗ್ತೈತಿ. ಕೇಂದ್ರ ಸರ್ಕಾರದ ಪಾಠದ ಆ್ಯಪ್ ದೀಕ್ಷಾ ಐತಲ್ಲ, ಕೊರೊನಾದಾಗ ಎಲ್ಲಾ ಮಕ್ಕಳ ಕೈಲೆ ಹಾಕಿಸಿದ್ದು, ಅದರ ಮಾಹಿತಿ ಇಟ್ಟಿದ್ದ ಒಂದು ಕ್ಲೌಡ್ ಸರ್ವರ್ ಕೀಲಿ ಇಲ್ಲದ ತೆರದ ಬಿದ್ದಿತ್ತು ಅಂತ 2023ರ ಜನವರಿಯಾಗ ವೈರ್ಡ್ ಪತ್ರಿಕಾ ವರದಿ ಮಾಡ್ತು. ಹತ್ತು ಲಕ್ಷಕ್ಕಿಂತ ಹೆಚ್ಚು ಮಾಸ್ತರ ಹೆಸರು-ಫೋನ್ ನಂಬರು, ಹತ್ರಹತ್ರ ಆರು ಲಕ್ಷ ಮಕ್ಕಳ ಮಾಹಿತಿ ಅದರಾಗಿತ್ತು. ಅದರಾಗ ಮಕ್ಕಳ ತಪ್ಪು ಏನಿತ್ತು ಹೇಳ್ರಿ? ರೀಲ್ಸ್ ಮಾಡಿದ್ರೇನು? ಪಾಠ ನೋಡ್ರಿ ಅಂದ್ರ ನೋಡಿದ್ರು.

ಇನ್ನ ಗ್ಯಾದರಿಂಗ್, ಅಂದ್ರ ಸಾಲಿ ವಾರ್ಷಿಕೋತ್ಸವ. ಡಿಸೆಂಬರ್-ಜನವರಿ ಬಂತಂದ್ರ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲಾ ಕಡೆ ಸಾಲಿ ಗ್ಯಾದರಿಂಗ್ ಸುರು, ಡಾನ್ಸು, ನಾಟಕ, ಒಬ್ಬ ಫೋಟೋಗ್ರಾಫರ್, ಮರದಿನ ಸಾಲಿ ಫೇಸ್‌ಬುಕ್ ಪೇಜಿನ್ಯಾಗ 300 ಫೋಟೋ. ಸಾಲಿಗಳಿಗೂ ಈಗ ಅಡ್ಮಿಷನ್ ಪೈಪೋಟಿ ಐತಿ, ಪ್ರಚಾರ ಬೇಕು, ಅದು ನನಗ ತಿಳೀತೈತಿ. ಆದ್ರ ಫೋಟೋದಾಗ ಹುಡುಗಿ ಮುಖ ಐತಿ, ಹಿಂದ ಬ್ಯಾನರ್ ಮ್ಯಾಲ ಸಾಲಿ ಹೆಸರು, ಕೆಳಗ ಕ್ಯಾಪ್ಷನ್‌ನ್ಯಾಗ ಹುಡುಗಿ ಹೆಸರು ಮತ್ತ ಕ್ಲಾಸು. ಒಬ್ಬಾಂವ ಖದೀಮ ಇನ್ನೇನು ಹುಡುಕಬೇಕ್ರಿ, ಎಲ್ಲಾ ತಾಟಿನ್ಯಾಗ ಬಡಿಸಿಟ್ಟೀವಿ.

ಇದನ್ನ ಇಷ್ಟು ಸಿಟ್ಟಿಲೆ ಯಾಕ ಬರಿಯಾಕತ್ತೀನಿ ಅಂದ್ರ ನಮ್ಮ ಮನಿಗೇ ಬಂದಿತ್ತು. ಹಾವೇರಿ ಜಿಲ್ಲಾದಾಗ ನಮ್ಮ ಅಕ್ಕನ ಮಗಳು ಹತ್ತನೇ ಕ್ಲಾಸ್, ಊರು ಹೇಳಂಗಿಲ್ಲ, ಆಕಿನ್ನ ಕೇಳೇ ಇಷ್ಟು ಬರದೀನಿ. ಆಕಿ ಗ್ಯಾದರಿಂಗ್ ಫೋಟೋ ಸಾಲಿ ಪೇಜಿನಿಂದ ತಗೊಂಡು ಯಾರೋ ಆಕಿ ಹೆಸರಿಲೆ ಇನ್‌ಸ್ಟಾಗ್ರಾಂ ಅಕೌಂಟ್ ತಗದಿದ್ರು, ಬಯೋದಾಗ ಸಾಲಿ ಹೆಸರೂ ಹಾಕಿ ಆಕಿ ಕ್ಲಾಸಿನ ಹುಡುಗ್ರಿಗೆಲ್ಲಾ ರಿಕ್ವೆಸ್ಟ್ ಕಳಿಸಿ, ಆಮ್ಯಾಲ ಹೊಲಸು ಹೊಲಸು ಮೆಸೇಜು. ಹುಡುಗಿಗೆ ಇದು ಗೊತ್ತಾಗಿ ಮೂರು ವಾರ ಆಗಿತ್ತು. ಮೂರು ವಾರ ಆಕಿ ಉಂಡಾಳೋ ಬಿಟ್ಟಾಳೋ, ಹೊಟ್ಟಿ ನೋವು ಅಂತ ಸಾಲಿ ತಪ್ಪಿಸಾಕತ್ತಿದ್ಲು, ನಮ್ಮಕ್ಕ ಲಿಂಬು ಶರಬತ್ತು ಮಾಡಿ ಕೊಡಾಕತ್ತಿದ್ಲು. ಕಡೀಕ ಗೊತ್ತಾಗಿದ್ದು ಇನ್ನೊಬ್ಬ ಹುಡುಗನ ಅವ್ವ ಮನಿಗೆ ಬಂದು "ನಿಮ್ಮ ಹುಡುಗಿ ನಮ್ಮ ಹುಡುಗಗ ಹಿಂಗ ಬರದಾಳ" ಅಂತ ಜಗಳಾ ತಗದಾಗ.

ಭಾವ ಮೊದಲ ಮಾಡಿದ ಕೆಲಸ ಮೊಬೈಲ್ ಕಸಗೊಂಡು ತಿಜೋರ್ಯಾಗ ಇಟ್ಟಿದ್ದು. ಎರಡನೇದ್ದು, "ಪರೀಕ್ಷಾ ತನಕ ಮನ್ಯಾಗ ಓದ್ಲಿ, ಮುಂದಿಂದು ಮುಂದ ನೋಡೋಣು". ಹೆಡ್ ಮಾಸ್ತರು ಪಾಪ ಕೆಟ್ಟವ್ರಲ್ಲ, ಅವ್ರೂ "ಪೊಲೀಸು ಗಿಲೀಸು ಬ್ಯಾಡ್ರಿ, ಹುಡುಗಿ ಮರ್ಯಾದಿ ಪ್ರಶ್ನಾ, ಇಲ್ಲೇ ಮುಗಸೋಣು" ಅಂದ್ರು. ನಾ ಬಸ್ ಹತ್ತಿ ಹೋದೆ. ಹುಡುಗಿನ್ನ ಹಿತ್ತಲಕ್ಕ ಕರಕೊಂಡು ಹೋಗಿ "ಯಾಕವ್ವಾ, ಮೊದಲ ದಿನಾನ ಯಾಕ ಹೇಳಲಿಲ್ಲ?" ಅಂತ ಕೇಳಿದ್ರ ಆಕಿ ಹೇಳಿದ್ದು, "ಹೇಳಿದ್ರ ಮೊಬೈಲ್ ಹೋಗ್ತೈತಿ, ಮೊಬೈಲ್ ಹಿಂದ ಸಾಲಿನೂ ಹೋಗ್ತೈತಿ ಅಂತ ಗೊತ್ತಿತ್ತು ಮಾಮಾ. ಈಗ ನೋಡು, ಎರಡೂ ಹೋದೂ".

ಆಕಿ ಲೆಕ್ಕ ಸರಿ ಇತ್ತು. ಅದಕ್ಕ ನನಗ ಉತ್ತರಾನ ಹೊಳೀಲಿಲ್ಲ. ಹೇಳಿದ ಹುಡುಗಿಗೆ ಮೊದಲ ಶಿಕ್ಷಾ ಬೀಳ್ತೈತಿ ಅಂತ ಗೊತ್ತಿದ್ದಾಗ ಯಾವ ಹುಡುಗಿ ಹೇಳ್ತಾಳ? ನಮ್ಮ ಹ್ಯಾಂಡ್‌ಬಿಲ್‌ನ್ಯಾಗ "ತೊಂದರೆಯಾದರೆ ಹಿರಿಯರಿಗೆ ತಿಳಿಸಿ" ಅಂತಿರ್ತೈತಿ, ತಿಳಿಸಿದ ಮ್ಯಾಲ ಹಿರಿಯರು ಏನ ಮಾಡ್ತಾರ ಅನ್ನೋದು ಇರಂಗಿಲ್ಲ.

"ಇಲ್ಲೇ ಮುಗಸೋಣು" ಅನ್ನೋದರ ಬಗ್ಗೆ ಸಾಲಿಯವ್ರಿಗೆ ಒಂದು ಮಾತು ಗೊತ್ತಿರಬೇಕು. ಬರೇ ನಕಲಿ ಅಕೌಂಟ್ ಆಗಿದ್ರ ಅದು ಐಟಿ ಕಾಯ್ದೆ 66ಸಿ (ಗುರುತು ಕದಿಯೋದು), 66ಡಿ (ಇನ್ನೊಬ್ಬರ ಸೋಗು ಹಾಕಿ ಮೋಸ ಮಾಡೋದು) ಕಡೆ ಹೋಗ್ತೈತಿ. ಆದ್ರ 18 ವರ್ಷದೊಳಗಿನ ಮಗುವಿಗೆ ಲೈಂಗಿಕ ಉದ್ದೇಶದಿಂದ ಕಿರುಕುಳ ಆಗೈತಿ, ಮೆಸೇಜ್ ಮೂಲಕ ಇರ್ಲಿ, ಫೋಟೋ ಹಾಕತೀನಿ ಅಂತ ಅಂಜಿಸೋದಿರ್ಲಿ, ಅದು 2012ರ ಪೋಕ್ಸೊ ಕಾಯ್ದೆ ಒಳಗ ಬರ್ತೈತಿ. ಪೋಕ್ಸೊ 19ನೇ ಕಲಂ ಪ್ರಕಾರ ಗೊತ್ತಾದಾವ್ರು ಪೊಲೀಸರಿಗೆ ತಿಳಿಸಲೇಬೇಕು, ಬೇಕಿದ್ರ ತಿಳಿಸಬಹುದು ಅಂತಲ್ಲ. ತಿಳಿಸಲಿಲ್ಲಂದ್ರ 6 ತಿಂಗಳ ತನಕ ಶಿಕ್ಷಾ, ಸಂಸ್ಥಾದ ಮುಖ್ಯಸ್ಥರು ತಮ್ಮ ಕೈಕೆಳಗಿನಾವ್ರ ವಿಷಯ ಮುಚ್ಚಿದ್ರ ಒಂದು ವರ್ಷದ ತನಕ. ಹೇಳಲಿಲ್ಲ ಅಂತ ಮಗುವಿಗೆ ಮಾತ್ರ ಶಿಕ್ಷಾ ಇಲ್ಲ, ಕಾಯ್ದೆ ಬರದಾವ್ರಿಗೆ ಹುಡುಗ್ರ ಅಂಜಿಕಿ ಗೊತ್ತಿತ್ತು. ಮರ್ಯಾದಿ ಪ್ರಶ್ನಾ ಅನ್ನೋರಿಗೆ, ಮಗುವಿನ ಗುರುತು ಹೊರಗ ಹಾಕೋದನ್ನೂ ಅದ ಕಾಯ್ದೆ ತಡದೈತಿ, ಪೇಪರಿನ್ಯಾಗ ಹೆಸರು ಬರಂಗಿಲ್ಲ.

ಇನ್ನೊಂದು ಇದಕ್ಕಿಂತ ನಾಜೂಕಿಂದು. ಹುಡುಗಿ ಬೆತ್ತಲೆ ಫೋಟೋ, ಖರೇದ್ದೋ ಎಐದಾಗ ಮುಖ ಅಂಟಿಸಿದ್ದೋ, ಓಡಾಡಾಕತ್ತೈತಿ ಅಂತ ಗೊತ್ತಾದಾಗ ಮಾಸ್ತರು ಮೊದಲ ಹೇಳೋ ಮಾತು "ಎಲ್ಲೈತಿ, ನನಗ ಕಳಸು ನೋಡೋಣು". ಅವ್ರು ಇನ್ನೊಬ್ಬ ಸರ್‌ಗೆ, ಅವ್ರು ಕಮಿಟಿ ಅಧ್ಯಕ್ಷರಿಗೆ. ಸಾಕ್ಷಿ ಅಂತ ಅವ್ರ ಲೆಕ್ಕ, ಕಾಯ್ದೆ ಲೆಕ್ಕದಾಗ ಅದು ಹಂಚಿದಂಗ. ಐಟಿ ಕಾಯ್ದೆ 67ಬಿ ಪ್ರಕಾರ ಮಕ್ಕಳ ಅಶ್ಲೀಲ ಚಿತ್ರ ಹಂಚಿದ್ರ, ಡೌನ್‌ಲೋಡ್ ಮಾಡಿದ್ರ ಮೊದಲನೇ ಸಲಕ್ಕ 5 ವರ್ಷದ ತನಕ ಜೈಲು, 10 ಲಕ್ಷದ ತನಕ ದಂಡ. ಇಂಥಾವು ಮೊಬೈಲ್‌ನ್ಯಾಗ ಅಳಿಸಲಾರದಂಗ, ದೂರು ಕೊಡಲಾರದಂಗ ಇಟ್ಟುಕೊಂಡ್ರೂ ಅಪರಾಧ ಆಗ್ತೈತಿ ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನ್ಯಾಗ ಹೇಳೈತಿ. ಅದಕ್ಕ ಫೋಟೋ ಕೇಳಬಾರದು. ಅಕೌಂಟಿನ ಲಿಂಕ್, ಯೂಸರ್‌ನೇಮ್, ತಾರೀಖು, ಟೈಮು ಒಂದು ಹಾಳಿ ಮ್ಯಾಲ ಬರಕೊಳ್ರಿ, ಪೊಲೀಸರಿಗೆ ಬೇಕಾಗೋದು ಅದ. ಸ್ಕ್ರೀನ್‌ಶಾಟ್‌ನ್ಯಾಗ ಎಷ್ಟೋ ಸಲ ಲಿಂಕ್ ಇರಂಗಿಲ್ಲ, ಹೆಸರು ಬದಲಿಸಿದ ಅಕೌಂಟ್ ಹಿಡಿಯಾಕ ಬರೇ ಸ್ಕ್ರೀನ್‌ಶಾಟ್ ಸಾಲಂಗಿಲ್ಲ.

ಅಂಥ ಫೋಟೋ ಹಬ್ಬಲಾರದಂಗ ತಡಿಯಾಕ ಟೇಕ್ ಇಟ್ ಡೌನ್ ಅಂತ ಒಂದು ಪುಕ್ಕಟ ಸೇವಾ ಐತಿ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಸಿಎಂಇಸಿ 2023ರಾಗ ಸುರು ಮಾಡಿದ್ದು, ಇಲ್ಲಿಂದನೂ ಬಳಸಬಹುದು. ಇದರ ಜಾಣತನ ಎಲ್ಲೈತಿ ಅಂದ್ರ ಫೋಟೋ ಅವ್ರಿಗೆ ಕಳಸಬೇಕಾಗಿಲ್ಲ. ನಿಮ್ಮ ಮೊಬೈಲ್‌ನ್ಯಾಗ ಆ ಫೋಟೋ ಆರಿಸಿದ್ರ ಅದರದೊಂದು ಹೆಬ್ಬೆಟ್ಟಿನ ಗುರುತಿನಂಥಾ ಕೋಡ್ ತಯಾರಾಗ್ತೈತಿ, ಆ ಕೋಡ್ ಅಷ್ಟ ಹೋಗ್ತೈತಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥಾವ್ರು ಆ ಕೋಡ್ ಇಟ್ಟುಕೊಂಡು ಅಂಥಾದ್ದ ಫೋಟೋ ಸಿಕ್ರ ತಗದು ಹಾಕ್ತಾರ. ಹೆಬ್ಬೆಟ್ಟು ನೋಡಿ ಮನಶ್ಯಾನ ಮುಖ ಹೆಂಗ ಹೇಳಾಕ ಬರಂಗಿಲ್ಲೋ ಹಂಗ ಕೋಡ್‌ನಿಂದ ಫೋಟೋ ಮಾಡಾಕ ಬರಂಗಿಲ್ಲ. ವಾಟ್ಸಾಪ್ ಒಳಗ ಓಡಾಡೋದಕ್ಕ ಇದು ಉಪಯೋಗಿಲ್ಲ, ಅಲ್ಲೇ ಪೊಲೀಸರ ಬೇಕು.

ಪೊಲೀಸರು ಅಂದ್ರ ಎಲ್ಲಿಗೆ? ಇದರಾಗ ಎಲ್ಲಾರೂ ಸೈಬರ್ ಸಹಾಯವಾಣಿ 1930 ಅಂತಾರ. 1930 ಮುಖ್ಯವಾಗಿ ರೊಕ್ಕ ಹೋದಾಗ, ಎಷ್ಟು ಲಗೂ ಮಾಡ್ತೀರಿ ಅಷ್ಟು ಚೊಲೊ. ಮಕ್ಕಳ ತ್ರಾಸಿಗೆ ಮಕ್ಕಳ ಸಹಾಯವಾಣಿ 1098, ಹುಡುಗ್ರು ತಾವ ಹಚ್ಚಬಹುದು, ಯಾರ ಪರವಾನಿಗಿನೂ ಬ್ಯಾಡ. ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಒಳಗ ಹೆಂಗಸ್ರು-ಮಕ್ಕಳಿಗೆ ಸಂಬಂಧಪಟ್ಟಿದ್ದು ಬ್ಯಾರೆ ವಿಭಾಗ ಐತಿ, ಹೆಸರು ಹೇಳಲಾರದೂ ಕೊಡಬಹುದು. ಮತ್ತ ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲಾ ಕಡೆ ಸೈಬರ್ ಅಪರಾಧದ (ಸಿಇಎನ್) ಪೊಲೀಸ್ ಠಾಣೆ ಅದಾವ, ಸೈಬರ್ ಕೇಸು ನೋಡೋದ ಅವ್ರ ಕೆಲಸ. ನಮ್ಮ ಹುಡುಗಿ ಕೇಸ್‌ನ್ಯಾಗ ನಾವು ಮಾಡಿದ್ದು ಇಷ್ಟ, ಲಿಂಕ್ ಬರಕೊಂಡ್ವಿ, ಇನ್‌ಸ್ಟಾಗ್ರಾಂಗೆ ನಕಲಿ ಅಂತ ರಿಪೋರ್ಟ್ ಮಾಡಿದ್ವಿ, ಪೋರ್ಟಲ್‌ನ್ಯಾಗ ದೂರು, ಆಮ್ಯಾಲ ಠಾಣೆ. ಠಾಣೆಯಾಗ ಒಬ್ಬ ಮೇಡಂ ಹುಡುಗಿ ಕೂಡ ಕುಂತು ಮಾತಾಡಿದ್ರು, ಭಾವಗ ಅವತ್ತು ಸ್ವಲ್ಪ ಧೈರ್ಯ ಬಂತು. ಎರಡು ದಿವ್ಸದಾಗ ಅಕೌಂಟ್ ಹೋತು. ಮಾಡಿದಾಂವ ಯಾರು ಅನ್ನೋದು ಇನ್ನೂ ತನಿಖಾದಾಗ ಐತಿ.

ವಯಸ್ಸಿನ ವಿಷಯಕ್ಕ ಬಂದ್ರ ನಾನೂ ಕಟಕಟಿಯಾಗ ನಿಲ್ಲಬೇಕು. 2025ರ ಫೆಬ್ರುವರಿಯಾಗ ಇನ್‌ಸ್ಟಾಗ್ರಾಂ ನಮ್ಮ ದೇಶದಾಗ ಟೀನ್ ಅಕೌಂಟ್ ತಂತು, 18ರೊಳಗಿನಾವ್ರ ಅಕೌಂಟ್ ತಾನ ಪ್ರೈವೇಟ್ ಆಗಿರ್ತೈತಿ, ಗುರುತಿಲ್ಲದಾವ್ರು ಮೆಸೇಜ್ ಮಾಡಾಕ ಬರಂಗಿಲ್ಲ, 16ರೊಳಗಿದ್ರ ಅದನ್ನ ಬದಲಿಸಾಕ ಪಾಲಕರ ಒಪ್ಪಿಗಿ ಬೇಕು. ಚೊಲೊ ಐತಿ. ಆದ್ರ ಇದೆಲ್ಲಾ ನಡಿಯೋದು ಹುಡುಗ ಖರೇ ಹುಟ್ಟಿದ ತಾರೀಖು ಹಾಕಿದ್ರ. ಅಂಗಡಿಗೆ ಬರೋ ಹುಡುಗ್ರಿಗೆ ಸ್ಕಾಲರ್‌ಶಿಪ್ ಅರ್ಜಿಗೆ ಜಿಮೇಲ್ ಬೇಕಾಗ್ತೈತಿ, 13 ತುಂಬಲಾರದಾವ್ರಿಗೆ ಗೂಗಲ್ ಹಂಗ ಅಕೌಂಟ್ ಕೊಡಂಗಿಲ್ಲ, ಸಾಲು ಹತ್ತಿರ್ತೈತಿ, ನಾ ಕಣ್ಣು ಮುಚ್ಚಿ 2000ನೇ ಇಸ್ವಿ ಹಾಕಿಬಿಡ್ತಿದ್ದೆ. ಎಷ್ಟು ಮಕ್ಕಳಿಗೆ ಹಾಕೀನೋ ದೇವ್ರಿಗೆ ಗೊತ್ತು. ಅವತ್ತು 12 ವರ್ಷದ ಹುಡುಗಿನ್ನ ನಾ ಒಂದ ಕ್ಲಿಕ್‌ನ್ಯಾಗ 25ರಾಕಿ ಮಾಡಿದೆ, ಆ ಮ್ಯಾಲ ಯೂಟ್ಯೂಬ್‌ನ್ಯಾಗ ಆಕಿಗೆ ಬರೋದೆಲ್ಲಾ 25ರಾವ್ರಿಗೆ ಬರೋದ. ಆಸ್ಟ್ರೇಲಿಯಾದಾಗ 2025ರ ಡಿಸೆಂಬರ್ 10ರಿಂದ 16ರೊಳಗಿನಾವ್ರಿಗೆ ಸೋಶಿಯಲ್ ಮೀಡಿಯಾ ಅಕೌಂಟ್ ಬಂದ್ ಮಾಡ್ಯಾರ, ತಪ್ಪಿದ್ರ ದಂಡ ಕಂಪನಿಗೆ, ಮಕ್ಕಳಿಗಲ್ಲ. ನಮ್ಮಲ್ಲೂ ಹಂಗ ಆಗಬೇಕು ಅನ್ನಾವ್ರು ಅದಾರ. ಮಾಡ್ರಿ, ಆದ್ರ ನನ್ನಂಥಾ ಅಂಗಡಿ ಓಣಿಗೆ ಎರಡು ಅದಾವ ಅನ್ನೋದನ್ನ ಲೆಕ್ಕಕ್ಕ ಹಿಡೀರಿ.

ಕಂಪ್ಯೂಟರ್ ಲ್ಯಾಬಿನ ಬಗ್ಗೆ ಹೆಚ್ಚು ಹೇಳಾಕ ಏನಿಲ್ಲ. ಒಂದು ಸಾಲ್ಯಾಗ ರಿಪೇರಿಗೆ ಹೋದಾಗ ಪಾಸ್‌ವರ್ಡ್ ಮಾನಿಟರ್‌ಗೆ ಚೀಟಿ ಬರದು ಹಚ್ಚಿದ್ರು, ಕ್ರೋಮ್ ತಗದ್ರ ಹೋದ ವರ್ಷ ಪಾಸಾಗಿ ಹೋದ ಹುಡುಗನ ಜಿಮೇಲ್ ಇನ್ನೂ ತೆರದ ಇತ್ತು, ಅದರ ಜೋಡಿ ಅವನ ಮನಿ ಫೋಟೋಗಳೂ.

ಕಾಯ್ದೆ ಬರಾಕತ್ತೈತಿ. 2023ರ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ 18ರೊಳಗಿನಾವ್ರೆಲ್ಲಾ ಮಕ್ಕಳ, ಅವ್ರ ಮಾಹಿತಿಗೆ ಪಾಲಕರ ಒಪ್ಪಿಗಿ ಬೇಕು, ಮಕ್ಕಳ ವಿಷಯದಾಗ ತಪ್ಪಿದ್ರ 200 ಕೋಟಿ ತನಕ ದಂಡ. ನಿಯಮ 2025ರ ನವೆಂಬರ್‌ನ್ಯಾಗ ಬಂದಾವ, ಈ ಒಪ್ಪಿಗಿ ಭಾಗ ಜಾರಿ ಆಗಾಕ ಅಲ್ಲಿಂದ 18 ತಿಂಗಳು. ಸಾಲಿಗಳಿಗೆ ಇದರಾಗ ವಿನಾಯ್ತಿ ಐತಿ, ಆದ್ರ ಓದಿಗೆ ಮತ್ತ ಮಕ್ಕಳ ಸುರಕ್ಷತಾಕ್ಕ ಸಂಬಂಧಪಟ್ಟಷ್ಟಕ್ಕ. ಗ್ಯಾದರಿಂಗ್ ಫೋಟೋ ಅಡ್ಮಿಷನ್ ಪ್ರಚಾರಕ್ಕ ಹಾಕೋದು ಓದು ಆಗ್ತೈತೋ ಸುರಕ್ಷತಾ ಆಗ್ತೈತೋ, ನನಗಂತೂ ಎರಡೂ ಅನಸಂಗಿಲ್ಲ.

ಕಾಯ್ದೆಗೆ ಕಾಯಲಾರದ ಆಗೋ ಕೆಲಸ ಅದಾವ, ರೊಕ್ಕ ಹತ್ತಂಗಿಲ್ಲ. ನಮ್ಮ ಎದುರಿನ ಸಾಲಿ ಹೆಡ್ ಮಾಸ್ತರ ಮುಂದ ಆ ಪಿಡಿಎಫ್ ಇಟ್ಟು ಮಾತಾಡಿದೆ, ಸಿಟ್ಟಾಗ್ತಾರೇನೋ ಅನಕೊಂಡಿದ್ದೆ, ಇಲ್ಲ, "ಮ್ಯಾಲಿಂದ ಸಂಜಿ ಒಳಗ ಕಳಸ್ರಿ ಅಂತಾರಪಾ, ನಾ ಏನ ಮಾಡ್ಲಿ" ಅಂತ ತಮ್ಮ ಸಂಕಟ ಹೇಳಿದ್ರು. ಅದೂ ಖರೇನ, ಒಬ್ಬ ಮಾಸ್ತರು ಪಾಠ ಬಿಟ್ಟು ದಿನಕ್ಕ ಎರಡು ತಾಸು ಮಾಹಿತಿ ತುಂಬ್ತಾರ. ಕಡೀಕ ಅವ್ರು ಪಾಲಕರ ಗ್ರೂಪ್ ತಗದು ವಾಟ್ಸಾಪ್ ಕಮ್ಯೂನಿಟಿ ಮಾಡಿದ್ರು, ಅದರ ಅನೌನ್ಸ್‌ಮೆಂಟ್‌ನ್ಯಾಗ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣಂಗಿಲ್ಲ, ಸಾಲಿಯವ್ರಷ್ಟ ಬರೀಬಹುದು. ಪಟ್ಟಿ ತಿದ್ದೋದಿದ್ರ ಪಾಲಕರು ಸಾಲಿಗೆ ಬಂದು ತಮ್ಮ ಹುಡುಗನ ಸಾಲು ಅಷ್ಟ ನೋಡಬೇಕು. ಆಧಾರ್ ಬೇಕಂದ್ರ ಕಡೀ ನಾಕ ಅಂಕಿ ಕಾಣೋ ಮಾಸ್ಕ್ಡ್ ಪ್ರತಿ ಸಾಕಾಗ್ತೈತಿ, ಎಲ್ಲಿ ಪೂರಾ ಬೇಕ ಅಂತಾರೋ ಅಲ್ಲಷ್ಟ ಪೂರಾ. ಗ್ಯಾದರಿಂಗ್ ಫೋಟೋ ಈ ವರ್ಷ ಪೇಜಿಗೆ ಹಾಕಲಿಲ್ಲ, ಪೆನ್‌ಡ್ರೈವ್ ತಂದ ಪಾಲಕರಿಗೆ ಕೊಟ್ರು. ಮೂವರು ಪಾಲಕರು "ಹಿಂದಿನ ವರ್ಷ ಹಾಕಿದ್ರಿ, ಈ ವರ್ಷ ನಮ್ಮ ಹುಡುಗಿದು ಯಾಕಿಲ್ಲ" ಅಂತ ಜಗಳಾ ತಗದ್ರು ಅನ್ನೋದನ್ನೂ ಹೇಳಬೇಕು.

ನಾನೂ ಈಗ ಸಂಜೀಕ ಶಟರ್ ಎಳಿಯೋಕಿಂತ ಮೊದಲ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡ್ತೀನಿ, ಅಂಗಡಿ ವಾಟ್ಸಾಪ್‌ನ್ಯಾಗ ಬಂದ ಫೈಲೂ ಅಳಸ್ತೀನಿ. ಮೊದಲನೇ ಸಲ ತಗದಾಗ 2019ರಿಂದ ಕೂಡಿದ್ದು 6,400 ಫೈಲ್ ಇದ್ದೂ, ಅರ್ಧಕ್ಕಿಂತ ಹೆಚ್ಚು ಸಾಲಿ ಹುಡುಗ್ರವು. ಹಳೇ ಒಂದು ಫೋಟೋ ತಗದು ನೋಡಿದೆ, ಬಸ್ ಪಾಸಿಗೆ ಎರಡು ಜಡಿ ಹಾಕ್ಕೊಂಡು ನಿಂತಿದ್ಲು ಒಬ್ಬಾಕಿ, ಈಗ ಇಲ್ಲೇ ಕರ್ನಾಟಕ ಕಾಲೇಜಿನ್ಯಾಗ ಬಿಎಸ್ಸಿ ಓದಾಕತ್ತಾಳ, ಆಗೀಗ ಅಂಗಡಿಗೂ ಬರ್ತಾಳ. ನಮ್ಮ ಅಕ್ಕನ ಮಗಳು ಪರೀಕ್ಷಾ ಬರದು ಪಾಸಾದ್ಲು, ಪಿಯುಸಿಗೆ ಹೊಂಟಾಳ. ಮೊಬೈಲ್ ಇನ್ನೂ ತಿಜೋರ್ಯಾಗ ಐತಿ, ಭಾವನ ಕೂಡ ಈ ವಿಷಯ ದೀಪಾವಳಿಗೆ ಮತ್ತ ತಗೀಬೇಕು.